ಚಾಕುವಿಗೆ ಹತ್ತಿದ ತಾಮ್ರ

ಮ್ಯಾನೇಜರ್ ಮಹೇಶ್ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ವಾಣಿಯ ಕಡೆ ಸರಿಸಿದ. ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು ಕೊಟ್ಟ. ಪಾಳ್ಯದ ಆ ಯೂನಿಟ್ಟಿನಲ್ಲಿ ಎರಡು ವರ್ಷ ಹಂಡೆ ಕಾದ ವಾಣಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ. ಇದರಲ್ಲಿ ಏನೋ ಕೆಟ್ಟದ್ದೇ ಇರಬೇಕು ಅಂದುಕೊಂಡೇ ಓದಲು ಶುರು ಮಾಡಿದಳು.

‘ಆಪರೇಟರ್ ಆದ ನಾನು ಈ ಹಂಗಾಮಿನ ಬ್ಯಾಚ್ ಹನ್ನೊಂದರಿಂದ ಹದಿನಾಲ್ಕರವರೆಗೆ ನನ್ನ ನಿರ್ಲಕ್ಷ್ಯದಿಂದ ಹಂಡೆಗೆ ಅಗತ್ಯಕ್ಕಿಂತ ಹೆಚ್ಚು ಗಾಳಿ ಬಿಟ್ಟಿರುತ್ತೇನೆ. ಇದರಿಂದ ಯೀಸ್ಟ್ ಹಾಳಾಗಿ ಎಣ್ಣೆಯ ಇಳುವರಿ ಕುಸಿದಿರುತ್ತದೆ. ಇದಕ್ಕೆ ನಾನೇ ಹೊಣೆ.’

ಕೆಳಗೆ ಅವಳ ಹೆಸರು ಟೈಪಾಗಿತ್ತು. ಸಹಿಗೆ ಜಾಗ ಖಾಲಿ ಬಿಟ್ಟಿದ್ದರು.

“ಇದೇನ್ ಸಾರ್?”

“ಏನಿಲ್ಲ ಕಣಮ್ಮ, ಒಂದು ಫಾರ್ಮಾಲಿಟಿ ಅಷ್ಟೆ. ಗುರುವಾರ ಎಣ್ಣೆ ತಗೊಳ್ಳೋ ಕಂಪನಿಯಿಂದ ಮೇಡಂ ಬರ್ತಾವ್ರೆ. ನಾಲ್ಕು ಬ್ಯಾಚ್ ಯಾಕೆ ಹೋಯ್ತು ಅಂತ ಕೇಳ್ತಾರೆ. ನಮ್ಮ ವಿಧಾನನೇ ಸರಿಯಿಲ್ಲ ಅಂದ್ರೆ ಒಪ್ಪಂದ ಮುರ್ಕೊಂಡು ಹೋಗ್ಬುಡ್ತಾರೆ. ಆಪರೇಟರ್ ತಪ್ಪು ಅಂದ್ರೆ, ಸರಿ, ಆಪರೇಟರ್‌ನ ಬದಲಾಯ್ಸಿ ಅಂತಾರೆ. ಮುಗೀತು.”

“ಯಾರಿಗೆ ಮುಗೀತು?”

“ಎರಡು ತಿಂಗಳು ಮನೇಲಿರು ಮಾರಾಯ್ತಿ. ಮಗಳನ್ನ ಓದ್ಸು. ಆಮೇಲೆ ನಾನೇ ಕರೀತೀನಿ.”

“ಗಾಳಿ ಜಾಸ್ತಿ ಬುಡು, ಚೆನ್ನಾಗಿ ಉಸಿರಾಡ್ಲಿ ಅಂತ ಫೋನಲ್ಲಿ ಹೇಳ್ದೋರು ಯಾರು ಸಾರ್?”

ಮಹೇಶ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಪಕ್ಕದಲ್ಲಿದ್ದ ಬ್ಯಾಚ್ ಬುಕ್ಕನ್ನು ಬೆರಳಿನಿಂದ ತಟ್ಟಿದ. “ನಾನು ಹೇಳ್ದೆ ಅಂತ ಇದ್ರಲ್ಲಿ ಬರೆದೈತಾ?”

ಬರೆದಿರಲಿಲ್ಲ. ಬರೆದದ್ದು ಇಷ್ಟು: ‘ಬೆಳಿಗ್ಗೆ 10.20. ಗಾಳಿ ಹೆಚ್ಚಿಸಲಾಯಿತು. ವಾಣಿ.’ ಎರಡು ವರ್ಷದಿಂದ ಅವಳು ಹಾಗೆಯೇ ಬರೆಯುತ್ತ ಬಂದಿದ್ದಳು. ಹೇಳಿದವರ ಹೆಸರು ಬರೆಯಬೇಕು ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ಮಾಡಿದವಳ ಹೆಸರು ಮಾತ್ರ ಪುಟ ಪುಟಕ್ಕೂ ಇತ್ತು.

“ಗುರುವಾರದವರೆಗೂ ಟೈಮ್ ಐತಲ್ಲ. ಅವತ್ತು ಮಾಡ್ತೀನಿ,” ಎಂದು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಎದ್ದಳು. ಅವತ್ತು ಸೋಮವಾರ.

ಆ ಯೂನಿಟ್ ಮೊದಲು ಅಕ್ಕಿ ಗಿರಣಿಯ ಗೋಡೌನ್ ಆಗಿತ್ತು. ಮಾರನಹಳ್ಳಿಯ ಕಡೆ ದೊಡ್ಡ ಕಾಫಿ ಎಸ್ಟೇಟ್ ಇಟ್ಟುಕೊಂಡಿರುವ ಸುನಿಲ್‌ಕುಮಾರ್ ಅದನ್ನು ಕೊಂಡು, ಒಳಗೆ ಆಳೆತ್ತರದ ಸ್ಟೀಲ್ ಪಾತ್ರೆ ನಿಲ್ಲಿಸಿದ್ದ. ಕಂಪನಿಯವರು ಅದನ್ನು ಫರ್ಮೆಂಟರ್ ಅನ್ನುತ್ತಾರೆ. ಇಲ್ಲಿಯವರಿಗೆ ಅದು ಹಂಡೆ. ಕಾಫಿ ಹಣ್ಣನ್ನು ಪಲ್ಪರಿನಲ್ಲಿ ಸುಲಿದಾಗ ಹರಿಯುವ ಸಿಹಿ ರಸವನ್ನು ಮೊದಲೆಲ್ಲ ಹಳ್ಳಕ್ಕೆ ಬಿಟ್ಟು ಊರವರಿಂದ ಬೈಸಿಕೊಳ್ಳುತ್ತಿದ್ದರು. ಈಗ ಅದನ್ನು ತಂದು ಹಂಡೆಗೆ ಹಾಕಿ, ಒಂದು ಬಗೆಯ ಯೀಸ್ಟಿಗೆ ಉಣ್ಣಿಸುತ್ತಾರೆ. ಅದು ಉಂಡು ಉಂಡು ಮೈಯಲ್ಲಿ ಎಣ್ಣೆ ಕೂಡಿಡುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೊಂದು ಕಣದ ಹೊಟ್ಟೆಯಲ್ಲೂ ಮುತ್ತಿನಂಥ ಹನಿ. ಹಾಸನದಲ್ಲಿ ಬಿಎಸ್ಸಿ ಓದಿ, ಮದುವೆಯಾಗಿ, ಏಳು ವರ್ಷ ಅದೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೈಕೆಳಗೆ ಹಾಜರಿ ಬರೆದು ಬೇಸತ್ತಿದ್ದ ವಾಣಿ, ಮೊದಲ ಸಲ ಆ ಹನಿ ಕಂಡಾಗ ಹೆತ್ತಷ್ಟು ಸಂತೋಷಪಟ್ಟಿದ್ದಳು.

ಗಾಳಿಯ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಲೆಯ ಹಾಗೆ ಅದು. ಗಾಳಿ ಇಲ್ಲದಿದ್ದರೆ ಉರಿಯುವುದಿಲ್ಲ, ಉರಿದರೆ ಕಿಡಿ ಹಾರದೆ ಇರುವುದಿಲ್ಲ. ಯೀಸ್ಟ್ ಬದುಕುವುದೂ ಆಮ್ಲಜನಕದಿಂದ, ಸುಡುವುದೂ ಅದರಿಂದಲೇ. ಒಳಗೆ ಹಾರುವ ಕಿಡಿಯನ್ನು ಆಗಿಂದಾಗಲೇ ಆರಿಸಲು ಕಣದಲ್ಲೇ ವ್ಯವಸ್ಥೆ ಇರುತ್ತದೆ. ಕಿಡಿ ಹದದಲ್ಲಿದ್ದರೆ ಯೀಸ್ಟ್ ಎಚ್ಚರಗೊಂಡು ಎಣ್ಣೆ ಕೂಡಿಡುತ್ತದೆ. ಮಿತಿ ಮೀರಿದರೆ ಕೂಡಿಟ್ಟ ಎಣ್ಣೆಯೇ ಕಮಟಾಗುತ್ತದೆ. ದಿನವಿಡೀ ಬೆಂಕಿ ಆರಿಸುವುದರಲ್ಲೇ ಕಳೆದವಳಿಗೆ ಉಗ್ರಾಣ ತುಂಬಲು ಕೈ ಎಲ್ಲಿಂದ ಬರಬೇಕು? ಈ ಮಾತು ವಾಣಿಗೆ ಪುಸ್ತಕದಿಂದಲೇ ತಿಳಿಯಬೇಕಿರಲಿಲ್ಲ.

ಯೀಸ್ಟಿಗೆ ಇನ್ನೊಂದು ಗುಣವಿತ್ತು. ನೆಮ್ಮದಿಯಾಗಿದ್ದಾಗ ತಿಳಿ ಕಿತ್ತಳೆ ಬಣ್ಣ. ಕಿಡಿ ಹೆಚ್ಚಾದಾಗ ತನ್ನನ್ನು ಕಾಪಾಡಿಕೊಳ್ಳಲು ಕೆಂಪು ಬಣ್ಣ ಮಾಡಿಕೊಳ್ಳುತ್ತಿತ್ತು. ಹನ್ನೊಂದನೇ ಬ್ಯಾಚು ಹಣ್ಣಾದ ಕಾಫಿಯಷ್ಟು ಕೆಂಪಾಗಿ ಬಂದಾಗ ಮಹೇಶ್ ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡಿದ್ದ.

“ಬಣ್ಣ ನೋಡು ಮಾರಾಯ್ತಿ, ಮದುಮಗಳು ಮದುಮಗಳು!”

“ಸಾರ್, ಅದು ಹೆದ್ರಿಕೊಂಡೈತೆ,” ಅಂದಿದ್ದಳು ವಾಣಿ.

“ಯೀಸ್ಟಿಗೂ ಹೆದ್ರಿಕೆನಾ! ಹಂಗಾದ್ರೆ ತಾಯಿತ ಕಟ್ಟು ಹೋಗು.”

ಆ ಬ್ಯಾಚಿನಲ್ಲಿ ನೂರು ಗ್ರಾಂ ಒಣ ಯೀಸ್ಟಿಗೆ ಹದಿನೇಳು ಗ್ರಾಂ ಎಣ್ಣೆ ಸಿಕ್ಕಿತು. ಹಿಂದಿನ ಬ್ಯಾಚುಗಳಲ್ಲಿ ನಲವತ್ತಕ್ಕೆ ಕಡಿಮೆ ಬಂದದ್ದೇ ಇಲ್ಲ. ನಕ್ಕವನೇ ಈಗ ಕಾಗದ ಟೈಪು ಮಾಡಿಸಿದ್ದ.

ಮಂಗಳವಾರ ಬೆಳಿಗ್ಗೆ ಮಗಳು ಸೌಜನ್ಯಳಿಗೆ ಜಡೆ ಹಾಕುತ್ತಿದ್ದಾಗ ವಾಣಿಯ ಕೈ ತನ್ನಷ್ಟಕ್ಕೇ ಬಿಗಿಯಾಗುತ್ತಿತ್ತು.

“ಅಮ್ಮ, ಕೂದ್ಲು ಕಿತ್ತು ಬರ್ತೈತೆ! ಯಾರ ಮೇಲೆ ಸಿಟ್ಟು?”

ಎಂಟನೇ ಕ್ಲಾಸಿನ ಹುಡುಗಿಗೆ ಹೇಳಬಾರದು ಅಂದುಕೊಂಡಿದ್ದನ್ನೆಲ್ಲ ವಾಣಿ ಎರಡನೇ ಜಡೆ ಮುಗಿಯುವಷ್ಟರಲ್ಲಿ ಹೇಳಿಬಿಟ್ಟಳು. ಸೌಜನ್ಯ ರಿಬ್ಬನ್ನಿನ ತುದಿ ಬಾಯಲ್ಲಿ ಕಚ್ಚಿಕೊಂಡು ಕೇಳಿಸಿಕೊಂಡಳು.

“ನಮ್ಮ ಸ್ಕೂಲಲ್ಲಿ ಗ್ಲೋಬು ಒಡೆದಾಗ ನಂಗೇನಂದಿದ್ದೆ ನೀನು? ಒಡೀದೆ ಇರೋದಕ್ಕೆ ಸಾರಿ ಕೇಳ್ಬೇಡ ಅಂದಿದ್ದೆ. ಆಮೇಲೆ ಬಂದು ಟೀಚರ್ ಹತ್ರ ಜಗಳಾನೂ ಆಡಿದ್ದೆ. ನಂಗೆ ಎಷ್ಟು ನಾಚ್ಕೆ ಆಗಿತ್ತು ಗೊತ್ತಾ?”

“ಅದಕ್ಕೇನೀಗ?”

“ಅದಕ್ಕೇ. ನೀನೂ ಸಾರಿ ಕೇಳ್ಬೇಡ.” ಹುಡುಗಿ ಬ್ಯಾಗು ಏರಿಸಿಕೊಂಡು ಹೊರಟೇಹೋದಳು.

ಯೂನಿಟ್ಟಿಗೆ ಹೋದವಳೇ ವಾಣಿ ಬ್ಯಾಚ್ ಬುಕ್ಕನ್ನು ಕೊನೆಯಿಂದ ಹಿಂದಕ್ಕೆ ಓದಿದಳು. ಗಾಳಿ ಹೆಚ್ಚಿಸಿದ್ದು ಹದಿಮೂರನೇ ಬ್ಯಾಚಿನಲ್ಲಿ. ಆದರೆ ಹನ್ನೊಂದರಲ್ಲೇ, ಅದೂ ಹಂಡೆ ತುಂಬಿದ ಹನ್ನೆರಡೇ ಗಂಟೆಯೊಳಗೆ, ಗಾಳಿ ಇನ್ನೂ ತೀರ ಕಡಿಮೆ ಇದ್ದಾಗಲೇ ‘ಬಣ್ಣ ಕೆಂಪು’ ಎಂದು ಅವಳದೇ ಕೈಬರಹವಿತ್ತು. ಹಾಗಾದರೆ ಗಾಳಿ ಕಾರಣವಲ್ಲ. ಗಾಳಿ ಹೆಚ್ಚಿಸಿದ್ದು ಮೊದಲೇ ಹೊತ್ತಿದ್ದ ಬೆಂಕಿಯನ್ನು ಊದಿದಂತಾಗಿತ್ತು. ಹೊತ್ತಿಸಿದ್ದು ರಸದ ಜೊತೆಗೇ ಒಳಗೆ ಬಂದಿರಬೇಕು.

ರಸ ತರುವ ಪಿಕಪ್ಪಿನ ಚೀಟಿಗಳನ್ನು ತೆಗೆದಳು. ಹತ್ತನೇ ಬ್ಯಾಚಿನವರೆಗೂ ‘ಹಾಲಿನ ಕ್ಯಾನ್’. ಹನ್ನೊಂದರಿಂದ ‘ಡ್ರಮ್’.

ಅಷ್ಟು ಹೊತ್ತಿಗೆ ಪಿಕಪ್ ಹೊರಡುತ್ತಿತ್ತು. ಮೂಲೆಯಲ್ಲಿ ಬಿದ್ದಿದ್ದ ಒಂದು ಹಾಲಿನ ಕ್ಯಾನನ್ನು ತೊಳೆದು ಎತ್ತಿ ಹಾಕಿ, ತಾನೂ ಮುಂದೆ ಹತ್ತಿ ಕೂತಳು. ಸಕಲೇಶಪುರ ದಾಟಿ, ಲಾರಿಗಳ ಸಾಲಿನ ಹಿಂದೆ ತೆವಳುತ್ತ ಮಾರನಹಳ್ಳಿ ಮುಟ್ಟುವಾಗ ಹನ್ನೊಂದೂವರೆ.

ಎಸ್ಟೇಟಿನ ಪಲ್ಪರ್ ಹತ್ತಿರ ಜವರಯ್ಯ ಡ್ರಮ್ಮಿಗೆ ರಸ ತುಂಬಿಸುತ್ತಿದ್ದ. ಮೂವತ್ತು ವರ್ಷ ಕಾಫಿಗೆ ಔಷಧಿ ಹೊಡೆದು, ಈಗ ಮೊಣಕಾಲು ನೋವೆಂದು ಸ್ಟೋರ್ ನೋಡಿಕೊಳ್ಳುವ ಮುದುಕ. ವಾಣಿ ಹಾಜರಿ ಬರೆಯುತ್ತಿದ್ದ ಕಾಲದಿಂದಲೂ ಪರಿಚಯ.

“ಏನವ್ವ, ದೊಡ್ಡ ಆಪೀಸರು ನಮ್ ಕಡೀಕೆ!”

“ಆಪೀಸರ್ ಕೆಲ್ಸ ಗುರುವಾರಕ್ಕೆ ಹೋಗೋ ಹಂಗೈತೆ ಅಣ್ಣ. ಈ ಡ್ರಮ್ಮು ಎಲ್ಲಿದ್ವು ಮೊದ್ಲು?”

“ಸ್ಟೋರಲ್ಲೇ. ಮುಂಗಾರಲ್ಲಿ ತುತ್ತ ಕಲ್ಸೋ ಡ್ರಮ್ಮಲ್ವಾ ಇವು.”

ಮಳೆಗಾಲದಲ್ಲಿ ಕಾಫಿಗೆ ಕೊಳೆ ಬರದಿರಲೆಂದು ತಾಮ್ರದ ಉಪ್ಪಾದ ಮೈಲುತುತ್ತಕ್ಕೆ ಸುಣ್ಣ ಕಲಸಿ ಹೊಡೆಯದ ತೋಟ ಆ ಸೀಮೆಯಲ್ಲೇ ಇಲ್ಲ. ಬೂಷ್ಟು ಕೊಲ್ಲಲೆಂದೇ ಮಾಡುವ ಔಷಧಿ. ಯೀಸ್ಟು ಬೂಷ್ಟಿನ ಬಳಗದ್ದೇ. ಡ್ರಮ್ಮಿನ ಬಣ್ಣ ನೀಲಿ, ತುತ್ತದ ಬಣ್ಣವೂ ನೀಲಿ. ಒಳಗೋಡೆಗೆ ಹಿಡಿದಿದ್ದ ಹಕ್ಕಳೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮುಚ್ಚಳ ತಿರುಗಿಸಿ ಸಂದಿಯಲ್ಲಿ ಉಗುರು ಹಾಕಿದಳು. ಬಿಳಿ ಸುಣ್ಣದ ಜೊತೆ ನೀಲಿ ಪುಡಿ ಉದುರಿತು.

“ತೊಳೀಲಿಲ್ವಾ ಅಣ್ಣ?”

“ತೊಳೀದೆ ಏನು! ಎರಡು ಸಲ ತೊಳ್ದೆ. ತುತ್ತದ ಡ್ರಮ್ಮು ನೀರಿಗೆ ಹೋಯ್ತದಾ? ನಾನು ಸುನಿಲ್ ಸಾವ್ಕಾರ್ರಿಗೆ ಅವತ್ತೇ ಅಂದೆ, ‘ಬುದ್ಧಿ, ಇದ್ರಲ್ಲಿ ತಿನ್ನೋ ವಸ್ತು ಬ್ಯಾಡ’ ಅಂತ. ‘ಮನುಷ್ರೇನು ಕುಡೀತಾರೇನೋ ಇದನ್ನ? ತುಂಬ್ಸು’ ಅಂದ್ರು. ತುಂಬ್ಸ್ದೆ.”

ರಸ ಹುಳಿ. ನೀರಿಗೆ ಜಗ್ಗದ ಹಕ್ಕಳೆ ಹುಳಿಗೆ ಕರಗುತ್ತದೆ. ಕರಗಿದ ತಾಮ್ರ ಯೀಸ್ಟಿನೊಳಗೆ ಸೇರಿದರೆ ಗಾಳಿ ಎಷ್ಟೇ ಕಡಿಮೆಯಿರಲಿ, ಒಂದು ಕಿಡಿ ಹಾರುವ ಕಡೆ ಹತ್ತು ಹಾರಿಸುತ್ತದೆ. ವಾಣಿಗೆ ಎಲ್ಲವೂ ತಿಳಿಯಿತು. ಆದರೆ ತಿಳಿದರೆ ಸಾಲದು, ತೋರಿಸಬೇಕು. ತಾಮ್ರ ಅಳೆಯುವ ಲ್ಯಾಬಿಗೆ ಕಳಿಸಿದರೆ ಗುರುವಾರದೊಳಗೆ ಉತ್ತರ ಬರುವುದಿಲ್ಲ.

“ರಸದಲ್ಲಿ ತುತ್ತ ಐತೋ ಇಲ್ವೋ ಹೆಂಗೆ ನೋಡೋದಣ್ಣ?”

ಜವರಯ್ಯ ಅವಳನ್ನು ಮರುಕದಿಂದ ನೋಡಿದ. “ಅಷ್ಟು ಓದಿ ಇದು ಗೊತ್ತಿಲ್ವಾ? ತುತ್ತ ಕಲ್ಸಿದ್ಮೇಲೆ ನಾವೇನ್ ಮಾಡ್ತೀವಿ?”

ಸೊಂಟದಿಂದ ಚಾಕು ಎಳೆದ. ಔಷಧಿ ಕಲಸಿದ ಮೇಲೆ ಉಜ್ಜಿದ ಚಾಕು ಅದ್ದಿ ನೋಡದೆ ಯಾರೂ ಸ್ಪ್ರೇಯರಿಗೆ ತುಂಬುವುದಿಲ್ಲ. ಸುಣ್ಣ ಸಾಲದೆ ತುತ್ತ ಬಿಡಿಯಾಗಿ ಉಳಿದಿದ್ದರೆ ಕಬ್ಬಿಣದ ಮೇಲೆ ತಾಮ್ರ ಹತ್ತಿ ಚಾಕು ಕೆಂಪಾಗುತ್ತದೆ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ವಾಣಿಯೂ ಚಿಕ್ಕಂದಿನಿಂದ ನೂರು ಸಲ ನೋಡಿದ್ದಳು. ಅದನ್ನು ಹಂಡೆಯ ಜೊತೆ ಸೇರಿಸಿ ಯೋಚಿಸಿರಲಿಲ್ಲ, ಅಷ್ಟೆ.

ಜವರಯ್ಯ ಚಾಕುವನ್ನು ಕಲ್ಲಿಗೆ ಬೆಳ್ಳಗಾಗುವಂತೆ ಉಜ್ಜಿ, ನಿನ್ನೆ ತುಂಬಿಟ್ಟಿದ್ದ ಡ್ರಮ್ಮಿನ ತಳದ ರಸವನ್ನು ಚೊಂಬಿಗೆ ತೆಗೆದು ಅದರಲ್ಲಿ ಇಳಿಬಿಟ್ಟ.

“ಇನ್ನೊಂದು ಚಾಕು ಐತಾ? ಪಲ್ಪರಿಂದ ಸೀದಾ ಬರೋ ರಸಕ್ಕೂ ಅದ್ದಬೇಕು,” ಅಂದಳು ವಾಣಿ. “ಇಲ್ದಿದ್ರೆ ರಸಾನೇ ಕೆಂಪು ಮಾಡ್ತು ಅಂತಾರೆ. ಅನ್ನೋರು ಅವ್ರೆ.”

ಜವರಯ್ಯ ಸ್ಟೋರಿನಿಂದ ಇನ್ನೊಂದು ಚಾಕು ತಂದು ಉಜ್ಜಿ ಅದ್ದಿದ. ಎಲೆಯಡಿಕೆ ಹಾಕಿ ಉಗಿದು ಬರುವಷ್ಟು ಹೊತ್ತು ಇಬ್ಬರೂ ಕಾದರು. ಸೀದಾ ರಸದ ಚಾಕು ಒಗರಿಗೆ ಕೊಂಚ ಕಪ್ಪಾಗಿತ್ತು, ಅಷ್ಟೆ. ಡ್ರಮ್ಮಿನ ರಸದ ಚಾಕು ಹಿಡಿಯ ಹತ್ತಿರದವರೆಗೂ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗಿತ್ತು.

“ಅಯ್ಯೋ ನಿಮ್ಮ!” ಅಂದ ಜವರಯ್ಯ. “ಎಲೆ ಸುಡೋ ಅಷ್ಟು ಐತಲ್ಲವ್ವ.”

ಎರಡೂ ಚಾಕುಗಳನ್ನು ವಾಣಿ ಹಳೇ ಪೇಪರಿನಲ್ಲಿ ಸುತ್ತಿ ತಂದಳು. ಹಾಲಿನ ಕ್ಯಾನಿನಲ್ಲಿ ಪಲ್ಪರಿನ ರಸವನ್ನೂ ಒಂದು ಬಾಟಲಿಯಲ್ಲಿ ಡ್ರಮ್ಮಿನ ರಸವನ್ನೂ ತಂದಳು. ಬುಧವಾರ ಎರಡು ಗಾಜಿನ ಬುಡ್ಡಿಗೆ ಎರಡೂ ರಸ ಹಾಕಿ, ಒಂದೇ ಅಳತೆಯ ಯೀಸ್ಟು ಬಿಟ್ಟು, ಒಂದೇ ಯಂತ್ರದ ಮೇಲೆ ಒಂದೇ ವೇಗದಲ್ಲಿ ಅಲುಗಾಡಲು ಇಟ್ಟಳು. ಎರಡಕ್ಕೂ ಒಂದೇ ಗಾಳಿ. ಮಹೇಶ್ ಬಾಗಿಲಲ್ಲಿ ನಿಂತು, “ಇದೇನು, ಶರಬತ್ತಾ?” ಅಂದ. ಗುರುವಾರ ಬೆಳಿಗ್ಗೆ ಒಂದು ತಿಳಿ ಕಿತ್ತಳೆಯಾಗಿತ್ತು. ಇನ್ನೊಂದು ರಕ್ತಗೆಂಪು. ಅದರ ಬಾಯಿಗಿಟ್ಟಿದ್ದ ಹತ್ತಿ ತೆಗೆದು ಮೂಸಿದರೆ ಕೆಟ್ಟ ಕೊಬ್ಬರಿ ಎಣ್ಣೆಯ ಕಮಟು.

ಕಂಪನಿಯಿಂದ ಬಂದ ದೀಪಶ್ರೀ ಮೇಡಂ ಮೂವತ್ತರ ಆಸುಪಾಸಿನ ಹೆಂಗಸು. ಕಾಫಿ ಬೇಡವೆಂದು ಸೀದಾ ಹಂಡೆಯ ಬಳಿ ಬಂದರು. ಹಿಂದೆ ಸುನಿಲ್‌ಕುಮಾರ್, ಅವನ ಹಿಂದೆ ಮಹೇಶ್. ಮಹೇಶ್ ಬಾಯಿ ತೆರೆಯುವ ಮೊದಲೇ ವಾಣಿ ಪೇಪರು ಬಿಚ್ಚಿ ಚಾಕು ಎರಡನ್ನೂ ಮೇಜಿನ ಮೇಲಿಟ್ಟಳು. ಬುಡ್ಡಿಗಳನ್ನು ಪಕ್ಕಕ್ಕೆ ಇಟ್ಟಳು. ಬುಕ್ಕಿನಲ್ಲಿ ‘ಬಣ್ಣ ಕೆಂಪು’ ಎಂದಿದ್ದ ಪುಟ ತೆರೆದಳು. ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು.

ದೀಪಶ್ರೀ ಬುಡ್ಡಿ ಮೂಸಿದರು. ಚಾಕುವನ್ನು ಬೆಳಕಿಗೆ ಹಿಡಿದರು. “ತಾಮ್ರ,” ಅಂದರು. “ಲ್ಯಾಬಿಗೂ ಕಳಿಸ್ತೀನಿ, ಆದ್ರೆ ತಾಮ್ರನೇ. ಗಾಳಿ ಎಷ್ಟು ಇಳಿಸಿದ್ರೂ ಈ ಯೀಸ್ಟು ಉಳೀತಿರ್ಲಿಲ್ಲ. ಡ್ರಮ್ಮಿನ ವಿಷಯ ನನ್ನ ರಿಪೋರ್ಟಿಗೆ ಬರಹದಲ್ಲಿ ಬೇಕು, ಸುನಿಲ್ ಅವ್ರೆ. ಹೇಗಾಯ್ತು ಅಂತ.” ಕಂಪ್ರೆಸರ್ ನೋಡಲು ಹಿಂದಿನ ಶೆಡ್ಡಿಗೆ ಹೋದರು.

ಸುನಿಲ್‌ಕುಮಾರ್ ಮತ್ತು ಮಹೇಶ್ ಆಫೀಸು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪ್ರಿಂಟರ್ ಸದ್ದಾಯಿತು. ವಾಣಿಗೆ ಮೊದಲ ಸಲ ಹಸಿವಾದದ್ದು ಗೊತ್ತಾಯಿತು. ಡಬ್ಬಿ ತೆಗೆಯಲು ಕೈ ಹಾಕಿದ್ದಳು, ಅಷ್ಟರಲ್ಲಿ ಕರೆದರು.

“ಬಾರಮ್ಮ, ಒಳ್ಳೇ ಕೆಲ್ಸ ಮಾಡ್ದೆ,” ಅಂದ ಸುನಿಲ್‌ಕುಮಾರ್. “ನಿಂದೇನೂ ತಪ್ಪಿಲ್ಲ ಅಂತ ಆಯ್ತಲ್ಲ, ಖುಷಿನಾ? ಇಲ್ಲಿ ಸಾಕ್ಷಿ ಅಂತ ಒಂದು ಸಹಿ ಹಾಕು.”

ಮಹೇಶ್ ಕಾಗದ ತಿರುಗಿಸಿದ. ಪೆನ್ನಿನ ಮುಚ್ಚಳ ತೆಗೆದ.

‘ಎಸ್ಟೇಟ್ ಸ್ಟೋರಿನ ಕೆಲಸಗಾರ ಜವರಯ್ಯ ಎಂಬುವನು ತನ್ನ ನಿರ್ಲಕ್ಷ್ಯದಿಂದ, ಯಾರ ಗಮನಕ್ಕೂ ತಾರದೆ, ಔಷಧಿ ಕಲಸುವ ಡ್ರಮ್ಮುಗಳಲ್ಲಿ ರಸ ತುಂಬಿಸಿರುತ್ತಾನೆ. ಇದಕ್ಕೆ ಅವನೇ ಹೊಣೆ.’

ಸೋಮವಾರದ ಕಾಗದವೇ ಅದು. ಹೆಸರು ಬದಲಾಗಿತ್ತು, ಗಾಳಿ ಇದ್ದ ಕಡೆ ಡ್ರಮ್ಮು ಬಂದಿತ್ತು. ನಿರ್ಲಕ್ಷ್ಯ ಮಾತ್ರ ಇದ್ದಲ್ಲೇ ಇತ್ತು. ಕೆಳಗೆ ಜವರಯ್ಯನ ಹೆಬ್ಬೆಟ್ಟಿಗೆ ಒಂದು ಚೌಕ ಬೇರೆ ಬರೆದಿದ್ದರು. ಅವನು ಚೆನ್ನಾಗಿ ಸಹಿ ಹಾಕುತ್ತಾನೆ ಅನ್ನುವುದು ಏಳು ವರ್ಷ ಹಾಜರಿ ಬರೆದ ವಾಣಿಗೆ ಗೊತ್ತಿತ್ತು. ಮೂವತ್ತು ವರ್ಷ ಆಳಿದವರಿಗೆ ಗೊತ್ತಿರಲಿಲ್ಲ.

“ಅವನಿಗೇನಾಗಲ್ಲ ಬುಡು,” ಅಂದ ಸುನಿಲ್‌ಕುಮಾರ್. “ವಯಸ್ಸಾಗೈತೆ, ಹೆಂಗೂ ಬುಡಿಸ್ಬೇಕು ಅಂತಿದ್ದೆ. ನಾನು ನೋಡ್ಕೋತೀನಿ.”

“ಅವರು ನಿಮಗೆ ಹೇಳ್ಲಿಲ್ವಾ ಸಾರ್? ತಿನ್ನೋ ವಸ್ತು ಹಾಕ್ಬೇಡಿ ಅಂತ?”

“ಅವನು ನೂರು ಹೇಳ್ತಾನೆ! ಎಲ್ಲಾ ನೆನಪಲ್ಲಿ ಇಟ್ಕೊಳ್ಳೋಕಾಗ್ತೈತಾ?”

“ಮನುಷ್ರೇನು ಕುಡೀತಾರಾ ಅಂದ್ರಂತೆ. ಅದು ನೆನಪೈತಾ?”

“ವಾಣಿ!” ಅಂದ ಮಹೇಶ್. “ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ನಿನ್ನ ಕೆಲ್ಸ ಉಳೀತು, ಅಷ್ಟು ನೋಡ್ಕೊ. ಊರೋರ ಪಂಚಾಯ್ತಿ ನಿಂಗ್ಯಾಕೆ?”

“ನನ್ನ ಕೆಲ್ಸ ಉಳಿಸಿದ್ದು ಆ ಅಣ್ಣನ ಚಾಕು ಸಾರ್. ನಾಲ್ಕು ಬ್ಯಾಚು ಆ ಯೀಸ್ಟು ಕೆಂಪಾಗಿ ಕೂಗ್ಕೊಳ್ತು. ನೀವು ಫೋಟೋ ಹಿಡ್ಕೊಂಡ್ರಿ. ಗಾಳಿ ಬುಡು ಅಂದ್ರಿ, ಬುಟ್ಟೆ. ತುಂಬ್ಸು ಅಂದ್ರು, ಅವ್ರು ತುಂಬ್ಸಿದ್ರು. ಹೇಳೋಕೆ ನೀವು, ಹೊಣೆಗೆ ನಾವಾ? ಸೋಮವಾರ ನಾನು, ಗುರುವಾರ ಜವರಣ್ಣ. ಮುಂದಿನ ವಾರ ಯಾರು, ಪಿಕಪ್ ಡ್ರೈವರ್ರಾ?”

ಅವಳಿಗೇ ತಿಳಿಯದೆ ದನಿ ಏರಿತ್ತು. ಹಿಂದಿನ ಶೆಡ್ಡಿನಲ್ಲಿ ಕಂಪ್ರೆಸರ್ ನಿಂತಿತು. ಮಹೇಶ್ ಕಿಟಕಿಯ ಕಡೆ ನೋಡಿದ.

“ಮೆಲ್ಲಗೆ ಮಾತಾಡು ತಾಯಿ,” ಅಂದ.

ವಾಣಿ ಕಾಗದ ಮುಟ್ಟಲಿಲ್ಲ. ಪೆನ್ನು ಮಾತ್ರ ತೆಗೆದುಕೊಂಡಳು. ಮಹೇಶ್ ಒಳಗೆ ತಂದಿಟ್ಟುಕೊಂಡಿದ್ದ ಬ್ಯಾಚ್ ಬುಕ್ಕನ್ನು ಎಳೆದುಕೊಂಡು ಹೊಸ ಪುಟದಲ್ಲಿ, ನಿಂತೇ, ಅವಸರವಿಲ್ಲದೆ ಬರೆದಳು.

‘ಗುರುವಾರ, ಮಧ್ಯಾಹ್ನ 12.40. ಬ್ಯಾಚ್ 11ರಿಂದ ರಸ ತುಂಬಿದ್ದು ಮೈಲುತುತ್ತ ಕಲಸಿದ್ದ ಡ್ರಮ್ಮಿನಲ್ಲಿ. ತುಂಬಿದವರು ಜವರಯ್ಯ. ಬೇಡವೆಂದು ಮೊದಲೇ ಹೇಳಿದವರು ಜವರಯ್ಯ. ತುಂಬಿಸು ಎಂದವರು ಸುನಿಲ್‌ಕುಮಾರ್. ಬ್ಯಾಚ್ 13ರಲ್ಲಿ ಗಾಳಿ ಹೆಚ್ಚಿಸಿದವಳು ವಾಣಿ. ಹೆಚ್ಚಿಸಲು ಫೋನಿನಲ್ಲಿ ಹೇಳಿದವರು ಮಹೇಶ್. ತಾಮ್ರ ಇದೆಯೆಂದು ಚಾಕು ಅದ್ದಿ ತೋರಿಸಿದವರು ಜವರಯ್ಯ.’

ಕೆಳಗೆ ತನ್ನ ಸಹಿ ಹಾಕಿದಳು. ಪಕ್ಕದಲ್ಲಿ ಇನ್ನೆರಡು ಸಹಿಗೆ ಎರಡು ಗೆರೆ ಎಳೆದು ಪೆನ್ನಿಗೆ ಮುಚ್ಚಳ ಹಾಕಿದಳು.

ದೀಪಶ್ರೀ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. “ಬರಹದಲ್ಲಿ ಕೇಳಿದ್ದೆ. ಆಯ್ತಾ?”

ಸುನಿಲ್‌ಕುಮಾರ್ ಟೈಪಾದ ಕಾಗದದ ಮೇಲೆ ಅಂಗೈ ಇಟ್ಟ. ಅದು ಕೊಡಲೋ ಮುಚ್ಚಲೋ ಅನ್ನುವುದು ಅವನಿಗೇ ತಿಳಿಯದ ಹಾಗೆ ಕಂಡಿತು.

“ಆಯ್ತು ಮೇಡಂ,” ಅಂದಳು ವಾಣಿ. ಬುಕ್ಕನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿ ಸುನಿಲ್‌ಕುಮಾರ್ ಕಡೆ ಸರಿಸಿದಳು. ಪೆನ್ನಿನ ಮುಚ್ಚಳ ತಾನೇ ತೆಗೆದು ಮುಂದೆ ಹಿಡಿದಳು. “ಇವರಿಬ್ಬರದು ಒಂದೊಂದು ಸಹಿ ಬಾಕಿ ಐತೆ, ಅಷ್ಟೆ. ಹಾಕ್ಲಿ ಬುಡ್ಲಿ, ನೀವು ಓದ್ಕೊಳ್ಳಿ.”

ದೀಪಶ್ರೀ ಬಗ್ಗಿ ಓದತೊಡಗಿದರು. ಓದುತ್ತ ಓದುತ್ತ ಅವರ ಕೈ ಮೊಬೈಲಿಗೆ ಹೋಯಿತು. ಪುಟದ ಫೋಟೋ ತೆಗೆದ ಸದ್ದು ಕೇಳಿದಾಗ ಸುನಿಲ್‌ಕುಮಾರ್ ತಲೆ ತಗ್ಗಿಸಿದ. ಪೆನ್ನು ಇನ್ನೂ ವಾಣಿಯ ಕೈಯಲ್ಲೇ ಇತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.